ಅವಳ ಮಾತು ನನ್ನ ಬಾಯಲ್ಲಿ

ನನ್ನ ಸೊಸೆ ನೀಲಮ್ಮನ ಚೊಚ್ಚಲ ಹೆರಿಗೆಯಲ್ಲಿ ಡಾಕ್ಟರು ಕತ್ತರಿ ಹಾಕಿದರು. ಮಗುವಿನ ತಲೆಗೆ ದಾರಿ ಸಾಲದೆ, ಕೆಳಗೆ ಒಂದು ಪಕ್ಕಕ್ಕೆ ಓರೆಯಾಗಿ ಕೊಯ್ದು, ಆಮೇಲೆ ಹೊಲಿದರು. ಅವಳ ತಲೆಯ ಬಳಿ ನಿಂತು ನಾನು ಅದನ್ನು ಕಣ್ಣಾರೆ ಕಂಡೆ. ಆದರೆ ಅವಳಿಗೆ ಹೇಳಿದ್ದು ಬೇರೆ — ‘ತಾನಾಗೇ ಹರೀತು, ನೀ ಜೋರು ಹಾಕಿದ್ದು ಸರಿ ಆಗಲಿಲ್ಲ’ ಎಂದು. ಕತ್ತರಿಯ ಗಾಯವನ್ನು ಅವಳ ತಪ್ಪು ಎಂದೆ. ಅವಳು ನಂಬಿದಳು. ಆ ದಿನ ಹುಟ್ಟಿದ ಹುಡುಗಿ ಈಗ ಶಾಲೆಯಿಂದ ಬಂದು ನನಗೇ ಹಿಂದಿಯ ಪದ್ಯ ಒಪ್ಪಿಸುತ್ತಾಳೆ. ಅಷ್ಟು ವರ್ಷ ನಂಬಿದಳು.

ಇದನ್ನು ಮೊದಲೇ ಹೇಳಿಬಿಟ್ಟೆ. ಸುತ್ತುಬಳಸಿ ಹೇಳುವುದು ನನ್ನ ಕಸುಬು, ಆ ಕಸುಬಿನ ಮೇಲೆ ಈಗ ನನಗೇ ಭರವಸೆ ಇಲ್ಲ.

ನಾನಿರುವುದು ಕಾಶಿಯಲ್ಲಿ, ಸೋನಾರ್‌ಪುರದ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ. ಯಜಮಾನರು ಇಲ್ಲಿನ ನಮ್ಮ ಕಡೆಯ ಮಠವೊಂದರಲ್ಲಿ ದಾಸೋಹದ ಅಡುಗೆ ಮಾಡುತ್ತಿದ್ದರು. ಅವರು ತೀರಿಹೋದಾಗ ಮಗ ಬಸು ಇನ್ನೂ ಚಿಕ್ಕವ. ವಿಜಯಪುರದ ಕಡೆಯ ನಮ್ಮೂರಿಗೆ ವಾಪಸ್ ಬಂದುಬಿಡು ಎಂದವರಿದ್ದರು. ಹೋಗಿ ಯಾರ ಮನೆಯ ಒಲೆ ಊದಲಿ? ನಮ್ಮ ಕಡೆಯಿಂದ ಕಾಶಿಗೆ ಬರುವ ಜನಕ್ಕೆ ಹಿಂದಿ ಬಾರದು, ನನಗೆ ಬರುತ್ತಿತ್ತು. ಅದೇ ಬಂಡವಾಳ. ದೋಣಿಯವನ ಹತ್ತಿರ, ಸೀರೆ ಅಂಗಡಿಯಲ್ಲಿ, ಆಟೋದವನ ಜೊತೆ ಅವರ ಪರವಾಗಿ ಮಾತಾಡಿದೆ. ಮಾತಾಡಿ ಮಾತಾಡಿಯೇ ಎರಡು ಕೋಣೆ ಬಾಡಿಗೆಗೆ ಹಿಡಿದೆ, ಆಮೇಲೆ ಇಡೀ ಮನೆ. ಈಗ ಯಾತ್ರಿಕರಿಗೆ ಕೋಣೆ, ಜೋಳದ ರೊಟ್ಟಿ ಊಟ, ಸುತ್ತಾಡಿಸುವುದು — ಎಲ್ಲ ನಮ್ಮಲ್ಲೇ. ‘ಕಾಶಿ ಶಾಂತಕ್ಕ’ ಎಂದರೆ ನಮ್ಮ ಸೀಮೆಯ ಹತ್ತು ಹಳ್ಳಿಗೆ ಗೊತ್ತು.

ನಿಮಗೂ ಒಂದು ಮಾತು ಹೇಳುತ್ತೇನೆ, ಎಂದಾದರೂ ಬಂದರೆ ಉಪಯೋಗಕ್ಕೆ ಬಂದೀತು. ಇಲ್ಲಿನ ಗೋದೌಲಿಯಾ ಪೇಟೆಯಲ್ಲಿ ಸೀರೆ ಕೊಳ್ಳುವಾಗ ಮೆಚ್ಚಿದ್ದನ್ನು ಮುಟ್ಟಬೇಡಿ. ಅದರ ಪಕ್ಕದ್ದನ್ನು ಬಿಚ್ಚಿಸಿ, ಅದರ ಅಂಚನ್ನು ಹಳಿಯಿರಿ, ಎದ್ದು ನಿಲ್ಲಿ, ಆಮೇಲೆ ಬೇಕಾದದ್ದರ ಕಡೆಗೆ ಸುಮ್ಮನೆ ಎಂಬಂತೆ ಬೆರಳು ತೋರಿಸಿ. ಇನ್ನು ನಡುವೆ ನಿಂತು ಮಾತು ದಾಟಿಸುವವರಿಗೆ ಇನ್ನೊಂದು ಗುಟ್ಟು ಗೊತ್ತಿರುತ್ತದೆ: ಇದ್ದದ್ದನ್ನು ಇದ್ದ ಹಾಗೆ ದಾಟಿಸಿದರೆ ವ್ಯಾಪಾರ ಕುದುರುವುದಿಲ್ಲ. ಅಂಗಡಿಯವನು ‘ತಗೊಳ್ಳೋದಾದರೆ ತಗೊಳ್ಳಿ, ಇಲ್ಲವಾದರೆ ಎದ್ದುಹೋಗಿ’ ಎಂದು ಗದರಿದರೆ ನಾನು ನಮ್ಮವರಿಗೆ ‘ಇನ್ನಾ ಸ್ವಲ್ಪ ಇಳಸ್ತಾನಂತ, ಕುಂದರ್ರಿ’ ಎನ್ನುತ್ತಿದ್ದೆ. ನಮ್ಮವರು ‘ಈ ಮಗ ಕಳ್ಳ ಅದಾನ’ ಎಂದರೆ ಅವನಿಗೆ ‘ನಿಮ್ಮ ಅಂಗಡಿ ಬಹಳ ಹಿಡಿಸಿದೆಯಂತೆ’ ಎನ್ನುತ್ತಿದ್ದೆ. ಎರಡೂ ಕಡೆಯವರು ನಗುತ್ತ ಹೋಗುತ್ತಿದ್ದರು. ಅದರಲ್ಲಿ ತಪ್ಪೇನಿದೆ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಹೆಣ್ಣಿನ ಮೈ ಸೀರೆಯ ಅಂಗಡಿಯಲ್ಲ —

ನೀಲಮ್ಮನಿಗೆ ತಾಯಿ ಇಲ್ಲ. ಚಿಕ್ಕಂದಿನಲ್ಲೇ ಹೋಗಿದ್ದಳು. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ತಾಯಿ ಮಾಡಬೇಕು. ಮದುವೆ ಮಾತುಕತೆಯಲ್ಲೇ ಅವಳ ಸೋದರತ್ತೆ ಒಬ್ಬಳು ಕೇಳಿದ್ದಳು, “ನಾಳೆ ಈ ಹುಡುಗಿ ಬಾಣಂತನ ಯಾರು ಮಾಡವರು?” ಹಿರಿಯರು ಮುಖ ಮುಖ ನೋಡಿಕೊಂಡರು. ನಾನು ಎಲ್ಲರ ಮುಂದೆ ಎದೆ ಮುಟ್ಟಿಕೊಂಡು ಹೇಳಿದೆ, “ಆಕಿಗೆ ತವರು ನಾನ.” ಆ ಒಂದು ಮಾತಿಗೆ ಹುಡುಗಿಯ ಅಪ್ಪನ ಕಣ್ಣು ತುಂಬಿದವು. ಸಂಬಂಧ ಕುದುರಿತು. ನಾನು ಮನಃಪೂರ್ವಕವಾಗಿಯೇ ಹೇಳಿದ್ದೆ. ಆದರೆ ಕುದುರಿತು ಎಂಬುದೂ ಮನಸ್ಸಿನಲ್ಲಿತ್ತು.

ಹೆರಿಗೆಗೆ ಇದೇ ಊರಿನ ಲಂಕಾ ಎಂಬ ಬಡಾವಣೆಯ ಆಚೆಯ ಒಂದು ಸಣ್ಣ ಆಸ್ಪತ್ರೆ ಗೊತ್ತುಮಾಡಿದೆ. ತಿಂಗಳ ಮೊದಲೇ ಹೋಗಿ ಡಾಕ್ಟರಮ್ಮನ ಎದುರು ಕೂತು, ಆಪರೇಷನ್ ಬೇಡವೇ ಬೇಡ, ಸಹಜ ಹೆರಿಗೆಯೇ ಆಗಬೇಕು ಎಂದು ಪಟ್ಟು ಹಿಡಿದು ಮಾತು ತೆಗೆದುಕೊಂಡಿದ್ದೆ. ಅದನ್ನು ಗಲ್ಲಿಯಲ್ಲೆಲ್ಲ ಹೇಳಿಕೊಂಡೂ ಬಂದೆ. ನೀಲಾಳನ್ನು ಕೇಳಿರಲಿಲ್ಲ. ಕೇಳುವುದೇನಿದೆ, ನಾನೇ ತವರಲ್ಲವೇ.

ಬೇಸಿಗೆಯ ಒಂದು ಬೆಳಿಗ್ಗೆ ನೋವು ಶುರುವಾಯಿತು. ಬಸು ಯಾತ್ರಿಕರನ್ನು ಕರೆದುಕೊಂಡು ಪ್ರಯಾಗಕ್ಕೆ ಹೋಗಿದ್ದ. ಹೆರಿಗೆ ಕೋಣೆಯೊಳಗೆ ಮನೆಯವರನ್ನು ಬಿಡುವುದಿಲ್ಲ, ಆದರೆ ನೀಲಾಳಿಗೆ ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲವಾದ್ದರಿಂದ ನನ್ನನ್ನು ಕರೆದರು. ನೀವು ನಿಂತು ಹೇಳಿ, ನಾವು ಹೇಳಿದ್ದು ಇವರಿಗೆ ತಿಳಿಯಬೇಕು ಎಂದರು. ಅವಳು ನನ್ನ ಕೈ ಹಿಡಿದುಕೊಂಡಳು. ಮುಖವನ್ನು ಡಾಕ್ಟರ ಕಡೆ ತಿರುಗಿಸಲೇ ಇಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಯಾರು ಏನು ಹೇಳಿದರೂ ಅವಳಿಗೆ ಅದು ನನ್ನ ಬಾಯಿಂದಲೇ ಬರಬೇಕಿತ್ತು.

ಹೊತ್ತು ಏರಿತು. ಮಗುವಿನ ತಲೆ ಕಾಣಿಸುತ್ತದೆ, ಹಿಂದೆ ಸರಿಯುತ್ತದೆ. ಡಾಕ್ಟರಮ್ಮ ತಲೆಯೆತ್ತಿ ನನಗೆ ಹೇಳಿದರು, “ಮಾತಾಜಿ, ಛೋಟಾ ಸಾ ಚೀರಾ ಲಗಾನಾ ಪಡೇಗಾ. ಇನಕೋ ಸಮಝಾ ದೀಜಿಯೇ. ಇನಸೇ ಪೂಛ್ ಲೀಜಿಯೇ.” ಸಣ್ಣದೊಂದು ಕೊಯ್ತ ಹಾಕಬೇಕಾಗುತ್ತದೆ, ಇವರಿಗೆ ತಿಳಿಸಿ ಹೇಳಿ, ಇವರನ್ನು ಕೇಳಿ ನೋಡಿ — ಇಷ್ಟೇ. ಒಳ್ಳೆಯ ಮಾತು. ಕೇಳಬೇಕಾದವರನ್ನು ಕೇಳಿ ಎಂದಿದ್ದರು.

“ಏನಂತಾರ್ರಿ ಅತ್ತಿ?” ಎಂದಳು ನೀಲಾ.

“ಏನಿಲ್ಲವ್ವಾ. ಇನ್ನೊಮ್ಮೆ ಜೋರು ಹಾಕಂತಾರ.”

ಆಮೇಲೆ ಡಾಕ್ಟರ ಕಡೆ ತಿರುಗಿ, ಒಪ್ಪಿದ್ದಾಳೆ, ನೀವು ಮಾಡಿ ಎಂದು ಹಿಂದಿಯಲ್ಲಿ ಹೇಳಿದೆ. ಎರಡು ಕಡೆಗೂ ಎರಡು ಮಾತು. ನಾಲಿಗೆ ತಡವರಿಸಲಿಲ್ಲ. ಕೇಳಿದರೆ ಹೆದರಿ ಬೇಡ ಎನ್ನುತ್ತಾಳೆ, ಬೇಡ ಎಂದರೆ ಇವರು ಆಪರೇಷನ್ನಿಗೆ ಒಯ್ಯುತ್ತಾರೆ, ನನ್ನ ಮಾತು ಬಿದ್ದುಹೋಗುತ್ತದೆ — ಲೆಕ್ಕ ಅಷ್ಟು ಬೇಗ ಆಗಿಹೋಯಿತು. ಮಗುವಿಗೆ ಏನಾದರೂ ಆದೀತೆಂಬ ಭಯವಿತ್ತು ಎಂದು ಬರೆದರೆ ನೀವು ನಂಬುತ್ತೀರಿ. ಬರೆಯುವುದಿಲ್ಲ. ಆ ಭಯ ಆಮೇಲೆ ಬಂತು.

ಮರಗಟ್ಟಿಸುವ ಸೂಜಿ ಚುಚ್ಚಿದರು. ಆಮೇಲೆ ಕತ್ತರಿ. ಆ ನಡುವೆ ಇನ್ನೂ ಒಂದು ಮಾತು ನಡೆಯಿತು... ಅದನ್ನು ಇಲ್ಲಿ ಬರೆಯಲು ಕೈ ಏಳುತ್ತಿಲ್ಲ, ಮುಂದೆ ಬರುತ್ತದೆ. ಮಗು ಅತ್ತಿತು. ಹೆಣ್ಣು. ಹೊಲಿಗೆ ಹಾಕುವಾಗ ನೀಲಾ ಬೆವರಿನ ಮುಖವೆತ್ತಿ, “ಏನ್ ಹೊಲ್ಯಾಕತ್ತಾರ್ರಿ?” ಎಂದು ಕೇಳಿದಳು. ಆಗ ಹೇಳಿದ್ದೇ ಮೊದಲಿಗೇ ಬರೆದ ಆ ಸುಳ್ಳು.

ಯಾಕೆ ಅದೇ ಸುಳ್ಳು? ಕತ್ತರಿಸಿದರು ಎಂದರೆ ಯಾರನ್ನು ಕೇಳಿ ಕತ್ತರಿಸಿದರು ಎಂಬ ಪ್ರಶ್ನೆ ಏಳುತ್ತದೆ, ಅದು ನೇರ ನನ್ನ ಬಾಗಿಲಿಗೆ ಬರುತ್ತದೆ. ಹರಿಯಿತು ಎಂದರೆ ಪ್ರಶ್ನೆ ಅವಳ ಮೈಯಲ್ಲೇ ಉಳಿದುಹೋಗುತ್ತದೆ. ಇನ್ನೂ ಒಂದು ಕಾರಣವಿದೆ, ಹೇಳಲು ನಾಚಿಕೆ. ತಪ್ಪು ತನ್ನದೇ ಎಂದುಕೊಂಡ ಸೊಸೆ ಅತ್ತೆಯ ಮುಂದೆ ಬಾಯಿ ಮಾಡುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ತಾವೇ ಬಂದು ಎಲ್ಲ ಬಿಡಿಸಿ ಹೇಳಿದರು. ನೀರು ಚೆನ್ನಾಗಿ ಕುಡಿಯಬೇಕು. ಸೊಪ್ಪು, ಹಣ್ಣು, ತರಕಾರಿ ತಿನ್ನಬೇಕು, ಮಲ ಗಟ್ಟಿಯಾಗಬಾರದು, ತಿಣುಕಬಾರದು. ಟಬ್ಬಿನಲ್ಲಿ ಉಗುರುಬೆಚ್ಚನೆಯ ನೀರು ಹಾಕಿ ಕೂರಬೇಕು, ಆಮೇಲೆ ಮೆತ್ತಗೆ ಒರೆಸಿ ಒಣಗಿಸಬೇಕು. ಕುಕ್ಕುರುಗಾಲಿನಲ್ಲಿ ಕೂರಬಾರದು. ಹೊಲಿಗೆ ಬಿಟ್ಟರೆ, ಜ್ವರ ಬಂದರೆ, ವಾಸನೆ ಬಂದರೆ, ಆ ಕ್ಷಣ ಕರೆದುಕೊಂಡು ಬನ್ನಿ. ನಾನು ತಲೆಯಾಡಿಸಿದೆ. ನೀಲಾ ನನ್ನ ಬಾಯಿ ನೋಡಿದಳು.

“ಚಂದಂಗೆ ಬಾಣಂತನ ಮಾಡಿಸ್ಕೋ ಅಂತಾರ. ಅತ್ತಿ ಹೇಳಿದಂಗ ಕೇಳಂತಾರ.”

ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ. ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎನ್ನುತ್ತಾರೆ. ಬಾಯಿ ಒದ್ದೆಯಾಗುವಷ್ಟು, ಕಾಯಿಸಿ ಆರಿಸಿದ್ದು, ಅಷ್ಟೇ. ಸೊಪ್ಪು ಹಣ್ಣು ಇಲ್ಲ. ಕೊಬ್ಬರಿ ಖಾರ, ಬಿಸಿ ಅನ್ನ, ತುಪ್ಪ, ಅಂಟಿನ ಉಂಡಿ. ಹೊರಸಿನ ಕೆಳಗೆ ಕೆಂಡದ ಮಡಕೆ ಇಟ್ಟು ಮೈ ಕಾಯಿಸುವುದು. ನನ್ನ ಬಾಣಂತನ ಹೀಗೇ ಆಗಿತ್ತು. ಆದರೆ ನಾನು ಹಡೆದದ್ದು ಊರಿನಲ್ಲಿ, ಚಳಿಗಾಲದಲ್ಲಿ, ಮೈಯಲ್ಲಿ ಒಂದು ಹೊಲಿಗೆ ಇಲ್ಲದೆ. ಇದು ಕಾಶಿಯ ಬೇಸಿಗೆ. ಬಿಸಿಗಾಳಿಗೆ ಗಲ್ಲಿಯ ನಾಯಿಗಳು ಚರಂಡಿಯಲ್ಲಿ ಮಲಗಿರುತ್ತವೆ. ಅಂಥದರಲ್ಲಿ ಕಿಟಕಿ ಮುಚ್ಚಿ ಕೆಂಡ ಇಟ್ಟೆ. ಗಂಗೆಯ ದಂಡೆಯಲ್ಲಿ ಮನೆ ಮಾಡಿಕೊಂಡು ಬಾಣಂತಿಯ ಕೈಯಿಂದ ತಂಬಿಗೆ ಕಸಿದುಕೊಂಡೆ.

“ಅತ್ತಿ, ಒಂದು ಗುಟುಕು,” ಎನ್ನುತ್ತಿದ್ದಳು. “ಡಾಕ್ಟರಮ್ಮ ಬ್ಯಾಡಂದಾರವ್ವಾ,” ಎನ್ನುತ್ತಿದ್ದೆ. ನನ್ನ ಮಾತಿಗಿಂತ ಡಾಕ್ಟರ ಮಾತಿಗೆ ತೂಕ ಹೆಚ್ಚು. ಹಾಗಾಗಿ ನನ್ನ ಮಾತನ್ನು ಅವರ ಹೆಸರಿನಲ್ಲಿ ಮಾರಿದೆ.

ಅವಳಿಗೆ ಕೂರಲು ಆಗುತ್ತಿರಲಿಲ್ಲ. ಮಗುವಿಗೆ ಹಾಲು ಕೊಡುವಾಗ ಒಂದೇ ಪಕ್ಕದ ಮೇಲೆ ಭಾರ ಹಾಕಿ, ಇನ್ನೊಂದು ಪಕ್ಕ ಎತ್ತಿ ಹಿಡಿದು, ಹಲ್ಲು ಕಚ್ಚುತ್ತಿದ್ದಳು. ಕೊನೆಗೆ ಹಳೆ ಸೀರೆಯ ತುಂಡು ಸುತ್ತಿ, ಕೊಡದ ಕೆಳಗೆ ತಲೆಗೆ ಇಟ್ಟುಕೊಳ್ಳುವ ಸಿಂಬಿಯಂಥದನ್ನು ತಾನೇ ದೊಡ್ಡದಾಗಿ ಮಾಡಿಕೊಂಡು ಅದರ ಮೇಲೆ ಕೂರಲು ಕಲಿತಳು. ನೀರಿಲ್ಲ, ಸೊಪ್ಪಿಲ್ಲ — ಪಾಯಿಖಾನೆಗೆ ಹೋದರೆ ಹೊರಗೆ ಬರಲು ಹೊತ್ತು ಹಿಡಿಯುತ್ತಿತ್ತು. ಸೆರಗು ಬಾಯಿಗೆ ತುರುಕಿಕೊಂಡ ಸದ್ದು ಬಾಗಿಲ ಆಚೆಗೂ ಕೇಳುತ್ತಿತ್ತು. “ಎಲ್ಲಾರೂ ಹಡೀತಾರವ್ವಾ, ನೀ ಒಬ್ಬಾಕೇ ಅಲ್ಲ,” ಎಂದೆ. ಅವಳು, “ಹೌದ್ರಿ. ಹರಕೊಂಡಾಕಿ ನಾನ ಅಲ್ಲೇನ್ರಿ,” ಎಂದಳು. ಹರಿದುಕೊಂಡವಳು ನಾನೇ ಅಲ್ಲವೇ — ಆ ಮಾತು ಅವಳೇ ಹೇಳಿದಳು, ತಲೆ ತಗ್ಗಿಸಿ. ನನಗೆ ನೆಮ್ಮದಿಯಾಯಿತು. ಬರೆಯುತ್ತೇನೆ ಎಂದ ಮೇಲೆ ಇದನ್ನೂ ಬರೆಯಬೇಕು: ಆಗ ನನಗೆ ನೆಮ್ಮದಿಯಾಯಿತು.

ಒಂದು ದಿನ ತಿಣುಕಿ ಹೊರಬಂದವಳು ಗೋಡೆ ಹಿಡಿದು ನಿಂತಳು. ಏನೋ ಬಿಟ್ಟಂಗಾತು ಎಂದಳು. ನೋಡಿದೆ. ಹೊಲಿಗೆ ಒಂದು ಕಡೆ ಬಾಯಿ ಬಿಟ್ಟಿತ್ತು. “ಏನಾಗಿಲ್ಲ, ಮಾಗಾಕತ್ತದ,” ಎಂದೆ. ಆ ಕ್ಷಣ ಬನ್ನಿ ಎಂದಿದ್ದರು ಡಾಕ್ಟರು. ಹೋದರೆ ನೀರು ಕೊಟ್ಟಿರಾ, ಟಬ್ಬಿನಲ್ಲಿ ಕೂರಿಸಿದಿರಾ ಎಂದು ಕೇಳುತ್ತಾರೆ. ಎರಡು ದಿನ ತಳ್ಳಿದೆ. ಜ್ವರ ಬಂತು, ಮೊಲೆಹಾಲಿಗೆ ಬಂದ ಜ್ವರ ಎಂದೆ. ವಾಸನೆ ಬಂತು. ಕೆಂಡಕ್ಕೆ ಲೋಬಾನ ಹೆಚ್ಚು ಹಾಕಿದೆ.

ನಮ್ಮ ಮಹಡಿಯ ಕೋಣೆಯಲ್ಲಿ ಗೌರಮ್ಮಜ್ಜಿ ಎಂಬ ಮುದುಕಿ ಇದ್ದಳು. ಗಂಡ ಸತ್ತ ಮೇಲೆ ಕಾಶಿಯಲ್ಲೇ ಸಾಯುತ್ತೇನೆಂದು ಬಾಗಲಕೋಟೆ ಕಡೆಯಿಂದ ಬಂದು ಕೂತವಳು. ಸಾವು ಬಾರದೆ ಎಲ್ಲರ ಮನೆಯ ಉಸಾಬರಿ ಮಾಡುತ್ತಿದ್ದಳು. ಅವತ್ತು ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತು ಮೂಗರಳಿಸಿದಳು. “ಶಾಂತಾ, ಮಣಿಕರ್ಣಿಕಾ ಸುಡಗಾಡಿನಾಗೂ ಇಷ್ಟು ಹೊಗಿ ಇರೂದಿಲ್ಲಲೇ. ಏನ್ ಮುಚ್ಚಾಕ ಹಾಕಿದಿ ಇದನ್ನ?” ಅವಳೇ ಒಳಗೆ ಬಂದು ಹುಡುಗಿಯ ಹಣೆ ಮುಟ್ಟಿ, “ಆಟೋ ಕರೀ. ನೀ ಕರೀದಿದ್ರ ನಾ ಕರೀತೀನಿ. ನನಗ ಹಿಂದಿ ಬರದಿದ್ರ ಏನಾತು, ಒದರೂದು ಬರತದ,” ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿ, ಕೈ ತೊಳೆದು ಬಂದು, ಸಿಟ್ಟಿನಲ್ಲಿ ಕೇಳಿದರು — ‘ನಾನು ಹೇಳಿದ್ದನ್ನು ಮಾಡಿದಿರಾ?’ ನಾನು ಹಿಂದಿಯಲ್ಲಿ ಅಂದೆ, ‘ಎಲ್ಲ ಹೇಳಿದೆ ಮೇಡಂ, ಹಳ್ಳಿಯ ಹುಡುಗಿ, ಮಾತು ಕೇಳುವುದಿಲ್ಲ.’ ನೀಲಾ ಪಕ್ಕದಲ್ಲೇ ಇದ್ದಳು. ಡಾಕ್ಟರು ಅವಳ ಕಡೆ ತಿರುಗಿ ಬೈದರು. ಎಷ್ಟು ಹೇಳಿದರೂ ಅಷ್ಟೇ ನಿಮ್ಮಂಥವರು, ಕೀವಾಗಿದೆ, ಈಗ ಮತ್ತೆ ಹೊಲಿಯಲೂ ಬರುವುದಿಲ್ಲ, ತಾನಾಗಿ ಒಳಗಿನಿಂದ ತುಂಬಿಕೊಂಡು ಬರಬೇಕು, ಅನುಭವಿಸಿ ಎಂದರು.

“ಏನಂತಾರ್ರಿ ಅತ್ತಿ?”

“ಕಾಳಜಿ ತಗೋ ಅಂತಾರವ್ವಾ. ಲಗೂನ ಆರಾಮ ಆಗ್ತದಂತ.”

ನೀಲಾ ಜ್ವರದ ಕೈ ಎತ್ತಿ ಡಾಕ್ಟರಿಗೆ ನಮಸ್ಕಾರ ಮಾಡಿದಳು. ಬೈದವರಿಗೆ, ನನ್ನ ಪಾಲಿನ ಬೈಗುಳಕ್ಕೆ. ಆ ಎರಡು ಕೈಗಳು ಈಗಲೂ — ಇರಲಿ.

ಗಾಯ ತುಂಬಲು ತಿಂಗಳುಗಳೇ ಬೇಕಾದವು. ಈ ಸಲ ನೀರು ಕೊಟ್ಟೆ, ಕೆಂಡ ತೆಗೆದೆ, ಟಬ್ಬು ತಂದೆ. ಆದರೆ ಸುಳ್ಳನ್ನು ತೆಗೆಯಲಿಲ್ಲ. ಆಮೇಲೆ ಬಹುಕಾಲ ಅವಳು ಗಂಡನ ಪಕ್ಕಕ್ಕೆ ಹೋಗಲು ಹೆದರುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಒಂದೇ ಮನೆ, ತೆಳು ಗೋಡೆ. ಬಸು ಮುಖ ಗಂಟು ಹಾಕಿಕೊಂಡು ತಿರುಗುತ್ತಿದ್ದ. ಎರಡನೆಯ ಮಗು ಯಾಕೆ ತಡವಾಯಿತು ಎಂದು ಊರಿನವರು ಕೇಳಿದಾಗ, ‘ಆಕಿಗೆ ಹೆರಿಗಿ ಅಂದ್ರ ಹೆದರಿಕಿ, ಮೈಯಾಗ ತ್ರಾಣಿಲ್ಲ’ ಎಂದವಳು ನಾನೇ.

ಈ ವರ್ಷಗಳಲ್ಲಿ ನೀಲಾ ಹಿಂದಿ ಕಲಿತಳು. ತರಕಾರಿ ಗಾಡಿಯವರಿಂದ, ಇ-ರಿಕ್ಷಾದವರಿಂದ, ಆಮೇಲೆ ಮಗಳಿಂದ. ಈಗ ನನಗಿಂತ ಚೆನ್ನಾಗಿ ಆಡುತ್ತಾಳೆ. ಯಾತ್ರಿಕರನ್ನು ಅರ್ಧ ಅವಳೇ ಸುತ್ತಾಡಿಸುತ್ತಾಳೆ. ಆದರೆ ಒಂದು ವಿಚಿತ್ರ ನೋಡಿ, ಡಾಕ್ಟರ ಹತ್ತಿರ ಹೋಗುವಾಗ ಮಾತ್ರ ನನ್ನನ್ನು ಜೊತೆಗೆ ಕರೆಯುತ್ತಿದ್ದಳು. ರೂಢಿ ಎಂದುಕೊಂಡಿದ್ದೆ.

ಈಗ ಮತ್ತೆ ಬಸುರಿ. ಲಂಕಾದಲ್ಲೇ ಹೊಸ ಆಸ್ಪತ್ರೆ, ಹೊಸ ಡಾಕ್ಟರು, ಚಿಕ್ಕ ವಯಸ್ಸಿನವರು. ಮೊದಲ ದಿನವೇ ನೀಲಾ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದಳು, ನನಗೆ ಆಪರೇಷನ್ನೇ ಮಾಡಿ, ಸಹಜ ಹೆರಿಗೆ ಬೇಡ. ಯಾಕೆ ಎಂದು ಅವರು ಕೇಳಿದರು. ಹೋದ ಸಲ ನನಗೆ ಬಲ ಹಾಕಲು ಬರಲಿಲ್ಲ, ಅದಕ್ಕೆ ಹರಿದುಹೋಯಿತು, ನನ್ನ ಮೈಗೆ ಹೆರಲು ಬರುವುದಿಲ್ಲ ಎಂದಳು. ಎಷ್ಟು ಸಹಜವಾಗಿ ಹೇಳಿದಳೆಂದರೆ, ತನ್ನ ಊರಿನ ಹೆಸರು ಹೇಳಿದ ಹಾಗೆ.

ಡಾಕ್ಟರು ಪರೀಕ್ಷೆ ಮಾಡಿದರು. ನಾನು ಪರದೆಯ ಈಚೆ, ಅವಳ ತಲೆಯ ಬಳಿ, ಅದೇ ಜಾಗದಲ್ಲಿ. ಅವರು ಹೇಳಿದರು, “ಯೇ ಫಟಾ ನಹೀಂ ಹೈ. ಯಹಾಂ ಚೀರಾ ಲಗಾ ಥಾ. ಆಪಕೋ ಕಿಸೀ ನೇ ಬತಾಯಾ ನಹೀಂ?” ಇದು ಹರಿದದ್ದಲ್ಲ, ಇಲ್ಲಿ ಕೊಯ್ದಿದ್ದಾರೆ, ನಿಮಗೆ ಯಾರೂ ಹೇಳಲಿಲ್ಲವೇ ಎಂದು. ನಿಮ್ಮ ಮೈಯಲ್ಲಿ ಕೊರತೆ ಏನೂ ಕಾಣುವುದಿಲ್ಲ, ಆಪರೇಷನ್ ಬೇಕೇ ಬೇಕೆಂದಿಲ್ಲ, ಯೋಚಿಸಿ ಬನ್ನಿ ಎಂದೂ ಹೇಳಿದರು.

ನೀಲಾ ತಲೆ ಹೊರಳಿಸಿ ನನ್ನ ಬಾಯಿ ನೋಡಿದಳು. ಕನ್ನಡದಲ್ಲಿ ಕೇಳಿದಳು.

“ಏನಂತಾರ್ರಿ ಅತ್ತಿ?”

ಹಿಂದಿ ಬರುವವಳು. ಎಲ್ಲ ತಿಳಿದವಳು. ಅವಳು ನನಗೆ ಬಾಗಿಲು ತೆರೆದು ಹಿಡಿದಿದ್ದಳು.

ನಾನೇನು ಹೇಳಿದೆ ಗೊತ್ತೇ? “ಹಳೇ ಗಾಯ ಚಲೋ ಮಾಗೇದ ಅಂತಾರ.”

ರೂಢಿಯಾದ ಸುಳ್ಳಿಗೆ ಬುದ್ಧಿಯ ಅಪ್ಪಣೆ ಬೇಕಾಗುವುದಿಲ್ಲ, ಬಾಯಿ ತೆರೆದರೆ ಸಾಕು, ಅದೇ ಬರುತ್ತದೆ. ಅವಳು “ಹೌದ್ರಿ?” ಎಂದಳು, ಅಷ್ಟೇ. ಲಂಕಾದಿಂದ ಮನೆಯವರೆಗೆ ಇ-ರಿಕ್ಷಾದಲ್ಲಿ ಪಕ್ಕಪಕ್ಕ ಕೂತು ಬಂದೆವು. ಅವಳು ರಿಕ್ಷಾದವನ ಜೊತೆ ಬಿಸಿಲಿನ ಬಗ್ಗೆ, ರಸ್ತೆ ಅಗೆದಿರುವ ಬಗ್ಗೆ ಇಲ್ಲಿಯವರ ಹಾಗೇ ಮಾತಾಡಿದಳು. ನನ್ನ ಜೊತೆ ಮಾತಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಹೇಳಲಾರೆ. ಅವಳು ಸಿಟ್ಟು ಮಾಡಲಿಲ್ಲ. ರೊಟ್ಟಿ ಬಡಿದಳು, ಬಡಿಸಿದಳು. ನಾನು ತಟ್ಟೆಯ ಮುಂದೆ ಕೂತರೆ ಅವಳು ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದೆ. ಒಂದು ದಿನ ಯಾತ್ರಿಕರನ್ನು ದೋಣಿ ಹತ್ತಿಸಲು ಇಬ್ಬರೂ ಘಾಟಿಗೆ ಹೋದೆವು. ನಾನು ಎಂದಿನಂತೆ ದೋಣಿಯವನ ಜೊತೆ ಜಗ್ಗಾಡಿದೆ. ಅವನು ಬೇಸತ್ತು ಭೋಜ್‌ಪುರಿಯಲ್ಲಿ ಏನೋ ಗೊಣಗಿದ. ಯಾತ್ರಿಕರ ಹೆಂಗಸೊಬ್ಬಳು ಏನಂತಾನ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನೀಲಾ ಹೇಳಿದಳು, “ಈ ಮುದುಕಿ ಬಾಯಿ ಗಂಗಿಗಿಂತ ಅಗಲ ಐತಿ, ಇದರಾಗ ನನ್ನ ದೋಣಿ ಮುಳುಗತೈತಿ ಅಂತಾನ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನೀಲಾ ನಗಲಿಲ್ಲ. ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು, “ಇದ್ದದ್ದು ಇದ್ದಂಗ ಹೇಳಬೇಕಲ್ರಿ ಅತ್ತಿ.”

ಮರುದಿನ ಮಧ್ಯಾಹ್ನ ಮಾಳಿಗೆ ಹತ್ತಿದೆ. ಕೋಣೆಗಳ ಹೊದಿಕೆಗಳನ್ನು ಒಗೆದು ಒಣಹಾಕಿದ್ದಳು. ಇಲ್ಲಿ ಕೋತಿಗಳ ಕಾಟ. ಬಟ್ಟೆ ಒಣಗುವವರೆಗೆ ಒಬ್ಬರು ಕೋಲು ಹಿಡಿದು ಕೂರಬೇಕು. ತುಂಬಿದ ಹೊಟ್ಟೆಯ ನೀಲಾ ಗೋಡೆಗೆ ಒರಗಿ, ತನ್ನ ಹಳೆಯ ಸಿಂಬಿಯ ಮೇಲೆ ಕೂತಿದ್ದಳು. ಗಾಯ ಮಾಯ್ದು ವರ್ಷಗಳಾದರೂ ಅವಳು ಅದನ್ನು ಬಿಟ್ಟಿಲ್ಲ. ನಾನು ನಿಂತೇ ಹೇಳಿದೆ, “ನೀಲಾ, ಅದು ಹರೀಲಿಲ್ಲ. ಕತ್ತರಿ ಹಾಕಿದ್ರು.”

“ಮತ್ತ?” ಎಂದಳು.

ನಾನು ವ್ಯಾಪಾರದವಳು. ಮೊದಲು ಹೇಳುವ ಬೆಲೆ ನಿಜವಾದ ಬೆಲೆಯಲ್ಲ ಎಂದು ಬಲ್ಲವರು ಕೇಳುವ ‘ಮತ್ತ?’ ಯಾವುದೆಂದು ನನಗೆ ಗೊತ್ತು. ನೀರಿನ ಮಾತು ಹೇಳಿದೆ. ಡಾಕ್ಟರು ಕುಡಿಯಲು ಹೇಳಿದ್ದರು, ಬೇಡ ಎಂದವಳು ನಾನು.

“ಮತ್ತ?”

ಕೀವಾದ ದಿನ ಅವರು ಬೈದದ್ದು, ಅದು ಯಾರ ಸುಳ್ಳಿಗೆ ಬೈದದ್ದು, ಅದಕ್ಕೆ ಅವಳು ಕೈ ಮುಗಿದದ್ದು — ಎಲ್ಲ ಹೇಳಿದೆ.

“ಮತ್ತ?”

ಈ ಬರಹದಲ್ಲಿ ನಾನು ಮುಂದೆ ಹೇಳುತ್ತೇನೆ ಎಂದು ತಳ್ಳಿದ್ದು ಇದು. ಅವತ್ತು ಸೂಜಿ ಚುಚ್ಚಿದ ಮೇಲೆ ಡಾಕ್ಟರಮ್ಮ ಮುಟ್ಟಿ ನೋಡಿ, ನೋವು ತಿಳಿಯುತ್ತಿದೆಯೇ ಕೇಳಿ ಎಂದಿದ್ದರು. ಅದನ್ನು ನಾನು ಕೇಳಿದೆ, ಅದೊಂದನ್ನು ಸರಿಯಾಗಿಯೇ ಕೇಳಿದೆ. ನೀಲಾ ನನ್ನ ಮುಂಗೈಯನ್ನು ಉಗುರು ಇಳಿಯುವಂತೆ ಹಿಡಿದು, “ತಿಳೀತದ್ರಿ ಅತ್ತಿ, ಎಲ್ಲಾ ತಿಳೀತದ. ತಡೀರಿ ಅನ್ರಿ. ಒಂದಿಷ್ಟು ತಡೀರಿ ಅನ್ರಿ,” ಎಂದಿದ್ದಳು. ನಾನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದೆ: ಏನೂ ತಿಳಿಯುತ್ತಿಲ್ಲವಂತೆ, ಮಾಡಿ.

ಅವರು ಮಾಡಿದರು. ಅವಳು ಕೂಗಿದಳು. ಹೆರಿಗೆಯ ನೋವಿಗೆ ಕೂಗುತ್ತಾಳೆ ಎಂದುಕೊಂಡಿರಬೇಕು ಅವರು.

ಮಾಳಿಗೆಯ ಮೇಲೆ ಹೊದಿಕೆಗಳು ಗಾಳಿಗೆ ಪಟಪಟ ಹೊಡೆದುಕೊಂಡವು. ಈ ಸಲ ಅವಳು ‘ಮತ್ತ’ ಎನ್ನಲಿಲ್ಲ.

“ನಾ ಅಂದಿದ್ದು ನನಗ ನೆನಪೈತ್ರಿ. ಕೂಸಿನ್ನ ಜಗ್ಗಾಕ ಕೈ ಹಾಕ್ಯಾರ ಅಂತ ತಡೀರಿ ಅಂದಿದ್ದೆ. ನೀವು ಅವರಿಗೆ ಹೇಳಿದ್ರಿ, ಅವರು ಕೇಳಲಿಲ್ಲ ಅಂತ ತಿಳ್ಕೊಂಡಿದ್ದೆ. ಇಷ್ಟು ವರ್ಷ ಆ ಡಾಕ್ಟರಮ್ಮಗ ಶಾಪ ಹಾಕೇನ್ರಿ ಅತ್ತಿ. ದೀಪ ಹಚ್ಚಿದಾಗೆಲ್ಲ ಹಾಕೇನಿ.”

ಆಮೇಲೆ ಕೋಲನ್ನು ನೆಲಕ್ಕೆ ಕುಟ್ಟಿದಳು, ಗೋಡೆಯ ಮೇಲೆ ಬಂದು ಕೂತಿದ್ದ ಕೋತಿಗೆ. ನಾನು ಬೆಚ್ಚಿದೆ. “ಹೊದಿಕಿ ಒಣಗ್ಯಾವ,” ಎಂದಳು. “ಮಡಚ್ರಿ.”

ಮಡಚಿದೆ.

ಹೆರಿಗೆಗೆ ಹೋಗುವ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಸಲಹೆ ಕೊಡಬೇಕೆಂದು ಬಾಯಿ ತುರಿಸುತ್ತದೆ. ನೀರು ಕುಡಿಸಿ, ಬೆಚ್ಚನೆ ನೀರಿನಲ್ಲಿ ಕೂರಿಸಿ, ಹೊಲಿಗೆ ಬಿಟ್ಟರೆ ಮುಚ್ಚಿಡದೆ ಓಡಿ. ಇವನ್ನೆಲ್ಲ ಡಾಕ್ಟರೇ ಹೇಳುತ್ತಾರೆ, ನಾನು ಹೇಳಬೇಕಾಗಿಲ್ಲ. ನನ್ನಂಥವಳು ನಡುವೆ ನಿಂತಿದ್ದರೆ ಅವಳ ಬಾಯಿ ನೋಡಬೇಡಿ, ಇಷ್ಟು ಮಾತ್ರ ಹೇಳಬಲ್ಲೆ. ಅವಳು ನಿಮ್ಮನ್ನು ಪ್ರೀತಿಸುತ್ತಿದ್ದರೂ ನೋಡಬೇಡಿ. ನಾನು ನೀಲಾಳನ್ನು ಪ್ರೀತಿಸುತ್ತಿದ್ದೆ.

ಅವಳು ಕ್ಷಮಿಸಿದಳೇ ಎಂದು ಕೇಳಬೇಡಿ. ನಾನು ಕ್ಷಮೆ ಕೇಳಿಲ್ಲ. ಕೇಳಿದರೆ ಅವಳು ಕೊಡಬೇಕೋ ಬಿಡಬೇಕೋ ಎಂಬ ಭಾರ ಅವಳ ಮೇಲೆ ಬೀಳುತ್ತದೆ. ಅದೂ ಒಂದು ಚೌಕಾಸಿಯೇ.

ಮೊನ್ನೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ಬಾಗಿಲ ಬಳಿ ಅವಳು ಬೆಂಚು ತೋರಿಸಿದಳು, “ಇಲ್ಲೇ ಕುಂದರ್ರಿ.” ಕೂತೆ. ಒಳಗಿನಿಂದ ಅವಳ ಹಿಂದಿ ಕೇಳುತ್ತಿತ್ತು, ನಿಧಾನವಾಗಿ, ಒಂದೊಂದೇ ಪ್ರಶ್ನೆ. ಎಲ್ಲ ಮಾತು ಸ್ಪಷ್ಟ ಕೇಳಿಸುತ್ತಿರಲಿಲ್ಲ. ಕಿವಿಗೊಟ್ಟು ಕೇಳುವ ಆಸೆಯಾಯಿತು, ಎದ್ದು ಬಾಗಿಲಿಂದ ದೂರ, ಬೆಂಚಿನ ಆಚೆ ತುದಿಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದು, ಇಲ್ಲಿಯ ಪದ್ಧತಿಯಂತೆ ಮನೆಯ ಹಿರಿಯಳೆಂದು ನನ್ನನ್ನೇ ಕೇಳಿದಳು: ಮಾತಾಜಿ, ಏನು ನಿರ್ಧಾರ ಮಾಡಿದಿರಿ, ಆಪರೇಷನ್ನೋ, ಸಹಜ ಹೆರಿಗೆಯೋ?

ಉತ್ತರ ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ.

“ಉನ್ಹೀಂ ಸೇ ಪೂಛಿಯೇ,” ಎಂದೆ. ಅವಳನ್ನೇ ಕೇಳಿ.